ಇಂಜಿನ್ ಎಣ್ಣೆಯ ಅಂಕಿಗಳೂ ಅವುಗಳ ಅರ್ಥವೂ

ಟ್ರಾಕ್ಟರು, ಪವರ್ ಟಿಲ್ಲರು, ಡೀಸೆಲ್ ಪಂಪು, ಒಕ್ಕಣೆಯ ಯಂತ್ರ, ಇವು ಇಂದಿನ ಬೇಸಾಯದಲ್ಲಿ ಎತ್ತು ಕಪಿಲೆಗಳ ಸ್ಥಾನವನ್ನು ಬಹುಮಟ್ಟಿಗೆ ಪಡೆದುಕೊಂಡಿವೆ. ಎತ್ತಿನ ಆರೈಕೆಯನ್ನು ರೈತನಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ಎತ್ತು ಬಳಲಿದರೆ ಕುಂಟುತ್ತದೆ, ಮೇವನ್ನು ಬಿಡುತ್ತದೆ, ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ಒಡೆಯನು ಅದನ್ನು ಕಂಡು ನೊಗದಿಂದ ಬಿಡಿಸುತ್ತಾನೆ. ಇಂಜಿನ್ನಿನ ರೀತಿಯೇ ಬೇರೆ. ಅದು ಒಳಗೊಳಗೇ ಸವೆಯುತ್ತಿದ್ದರೂ ಹೊರಗೆ ಕೆಲಸ ಮಾಡುತ್ತಲೇ ಇದ್ದು, ನಾಟಿಯ ವಾರದಲ್ಲಿಯೋ ಒಕ್ಕಣೆಯ ಭರದಲ್ಲಿಯೋ ಒಂದು ದಿನ ಕಚ್ಚಿಕೊಂಡು ನಿಂತುಬಿಡುತ್ತದೆ. ಆಗ ಕ್ರ್ಯಾಂಕ್ ಷಾಫ್ಟು, ಬೇರಿಂಗು, ಲೈನರುಗಳ ರಿಪೇರಿಗೆ ತಗಲುವ ವೆಚ್ಚ ಒಂದು ಕಡೆಯಾದರೆ, ಹದ ತಪ್ಪಿದ ಭೂಮಿಯೂ ನೀರಿಲ್ಲದೆ ಬಾಡಿದ ಪೈರೂ ಇನ್ನೊಂದು ಕಡೆಯ ನಷ್ಟ. ಹೀಗೆ ಯಂತ್ರವು ಕೆಟ್ಟು ನಿಲ್ಲುವುದಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಎಣ್ಣೆಯ ವಿಷಯದಲ್ಲಿ ಆಗುವ ತಪ್ಪು ಮುಖ್ಯವಾದುದು. ಮತ್ತು ಅದನ್ನು ತಪ್ಪಿಸುವುದು ಯಜಮಾನನ ಕೈಯಲ್ಲಿಯೇ ಇರುವ ಕೆಲಸ.

ಎಣ್ಣೆಯ ಡಬ್ಬಿಯ ಮೇಲೆ 15 ಡಬ್ಲ್ಯು-40, 20 ಡಬ್ಲ್ಯು-40, ಬರಿಯ 30, ಬರಿಯ 40 ಎಂಬಂತಹ ಅಂಕಿಗಳು ಅಚ್ಚಾಗಿರುತ್ತವೆ. ಇವುಗಳನ್ನು ಕುರಿತು ಎರಡು ತಪ್ಪು ತಿಳಿವಳಿಕೆಗಳು ಬಳಕೆಯಲ್ಲಿವೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಉತ್ತಮವೆಂಬುದು ಒಂದು. ಎಣ್ಣೆ ಗಟ್ಟಿಯಾದಷ್ಟೂ ಇಂಜಿನ್ನಿಗೆ ಬಲವೆಂಬುದು ಇನ್ನೊಂದು. ಆದರೆ ಅಂಕಿಯು ಎಣ್ಣೆಯ ಮೇಲ್ಮೆಯನ್ನು ಹೇಳುವುದಿಲ್ಲ. ಗೊತ್ತಾದ ಉಷ್ಣತೆಯಲ್ಲಿ ಅದು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಯಂತ್ರಕ್ಕೆ ಬೇಕಾದುದು ಅತಿ ಗಟ್ಟಿಯಾದ ಎಣ್ಣೆಯೂ ಅಲ್ಲ, ಅತಿ ತೆಳುವಾದ ಎಣ್ಣೆಯೂ ಅಲ್ಲ. ಅದಕ್ಕೆ ತಕ್ಕ ಎಣ್ಣೆ.

ಎಣ್ಣೆಯು ಮಾಡುವ ಕೆಲಸ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಕೀಲೆಣ್ಣೆ ಒಣಗಿದರೆ ಗಾಲಿ ಕಿರುಗುಟ್ಟುತ್ತದೆ, ಎತ್ತಿಗೆ ಭಾರವಾಗುತ್ತದೆ, ಅಚ್ಚು ಸವೆಯುತ್ತದೆ. ಇಂಜಿನ್ನಿನ ಒಳಗೂ ನಡೆಯುವುದು ಇದೇ. ಆದರೆ ಗಾಡಿಯ ಗಾಲಿಯು ನಿಮಿಷಕ್ಕೆ ಕೆಲವೇ ಸುತ್ತು ತಿರುಗಿದರೆ, ಟ್ರಾಕ್ಟರಿನ ಕ್ರ್ಯಾಂಕ್ ಷಾಫ್ಟು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಗುಲಿದರೆ ಅದು ಕ್ಷಣಮಾತ್ರದಲ್ಲಿ ಕಾದು ಅಂಟಿಕೊಳ್ಳುತ್ತದೆ.

ಹೀಗಾಗದಂತೆ ಎಣ್ಣೆಯು ಹೇಗೆ ಕಾಪಾಡುತ್ತದೆ ಎಂಬುದು 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಸ್ಪಷ್ಟವಾಯಿತು. 1883ರಲ್ಲಿ ಬ್ಯೂಷಾಂಪ್ ಟವರ್ ಎಂಬ ಇಂಜಿನಿಯರರು ರೈಲುಬಂಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತ, ಎಣ್ಣೆ ಹಾಕುವ ಸಲುವಾಗಿ ಅದರ ಮೇಲ್ಭಾಗದಲ್ಲಿ ಒಂದು ರಂಧ್ರವನ್ನು ಕೊರೆದರು. ಅಚ್ಚು ತಿರುಗತೊಡಗಿದೊಡನೆ ಎಣ್ಣೆಯು ಒಳಕ್ಕೆ ಇಳಿಯುವುದಕ್ಕೆ ಬದಲಾಗಿ ಆ ರಂಧ್ರದಿಂದ ಮೇಲಕ್ಕೆ ಉಕ್ಕಿಬಂದಿತು. ಮರದ ಬೆಣೆಯನ್ನು ಹೊಡೆದು ಮುಚ್ಚಿದರೆ ಆ ಬೆಣೆಯನ್ನೂ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಅದರಲ್ಲಿ ಹೆಚ್ಚಿನ ಒತ್ತಡವನ್ನು ಉಂಟುಮಾಡಿ, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ ಎಂಬುದು ಇದರಿಂದ ತಿಳಿಯಿತು. 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸರು ಇದರ ಗಣಿತವನ್ನು ಬಿಡಿಸಿ ತೋರಿಸಿದರು.

ಈ ಪೊರೆಯು ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದುದು. ಅದು ಹರಿಯದೆ ನಿಲ್ಲುವುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ತಿರುಗುವ ವೇಗ, ಮೇಲಿರುವ ಹೊರೆ, ಎಣ್ಣೆಯ ಗಟ್ಟಿತನ. ವೇಗವನ್ನೂ ಹೊರೆಯನ್ನೂ ಯಂತ್ರವನ್ನು ರಚಿಸಿದವರು ಗೊತ್ತುಮಾಡಿರುತ್ತಾರೆ. ಯಜಮಾನನು ಆರಿಸುವುದು ಎಣ್ಣೆಯೊಂದನ್ನೇ.

ಸ್ನಿಗ್ಧತೆಯೆಂದರೇನು

ದ್ರವವು ಹರಿಯುವುದಕ್ಕೆ ತೋರುವ ತಡೆಗೆ ಸ್ನಿಗ್ಧತೆಯೆಂದು ಹೆಸರು. ನೀರಿನ ಸ್ನಿಗ್ಧತೆ ಕಡಿಮೆ, ಹರಳೆಣ್ಣೆಯದು ಹೆಚ್ಚು. ಉಷ್ಣತೆಯಿಂದ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಆಲೆಮನೆಯಲ್ಲಿ ಕೆಲಸ ಮಾಡಿದವರೆಲ್ಲರೂ ಕಂಡಿದ್ದಾರೆ. ಕೊಪ್ಪರಿಗೆಯಲ್ಲಿ ಕುದಿಯುತ್ತಿರುವ ಜೋನಿ ಬೆಲ್ಲವು ಸೌಟಿನಿಂದ ನೀರಿನಂತೆ ಸುರಿಯುತ್ತದೆ. ಅದೇ ಜೋನಿಯು ಮಾಗಿಯ ಬೆಳಗ್ಗೆ ಡಬ್ಬದಿಂದ ಜಾರಲೊಲ್ಲದು. ಇಂಜಿನ್ ಎಣ್ಣೆಯ ಸ್ವಭಾವವೂ ಹೀಗೆಯೇ. ತಣ್ಣಗಿರುವಾಗ ಗಟ್ಟಿ, ಕಾದಾಗ ತೆಳು.

ಸ್ನಿಗ್ಧತೆಯನ್ನು ಅಳೆಯುವ ಕ್ರಮ ಸರಳವಾದುದು. ಗೊತ್ತಾದ ಉಷ್ಣತೆಯಲ್ಲಿ ಇರಿಸಿದ ಸಣ್ಣ ಗಾಜಿನ ನಾಳದ ಮೂಲಕ ಎಣ್ಣೆಯು ಇಳಿಯುವುದಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆಂದು ನೋಡಿ, ಅದರಿಂದ ಲೆಕ್ಕ ಹಾಕುತ್ತಾರೆ. ಇದರ ಮಾನಕ್ಕೆ ಸೆಂಟಿಸ್ಟೋಕ್ ಎಂದು ಹೆಸರು. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. ಟ್ರಾಕ್ಟರಿಗೆ ಹಾಕುವ 15 ಡಬ್ಲ್ಯು-40 ಎಣ್ಣೆಯದು 40 ಡಿಗ್ರಿಯಲ್ಲಿ ಸುಮಾರು 110. ಕೆಲಸ ಮಾಡುವ ಇಂಜಿನ್ನಿನ 100 ಡಿಗ್ರಿಯಲ್ಲಿ ಸುಮಾರು 14 ಅಥವಾ 15. ಎಂದರೆ ಅದೇ ಎಣ್ಣೆಯು ಕಾದಾಗ ಏಳೆಂಟು ಪಟ್ಟು ತೆಳುವಾಗುತ್ತದೆ. ಅಂಗಡಿಯಲ್ಲಿ ಬೆರಳಿಗೆ ಹಚ್ಚಿ ಉಜ್ಜಿ ನೋಡುವುದರಿಂದ ಎಣ್ಣೆಯ ಯೋಗ್ಯತೆ ತಿಳಿಯುವುದಿಲ್ಲವೆಂಬುದಕ್ಕೆ ಇದೇ ಕಾರಣ. ಬೆರಳು ಹೇಳುವುದು 30 ಡಿಗ್ರಿಯ ಮಾತು. ಬೇರಿಂಗಿಗೆ ಬೇಕಾದುದು 100 ಡಿಗ್ರಿಯ ಮಾತು.

ಅಂಕಿಗಳ ಅರ್ಥ

ಅಮೆರಿಕದಲ್ಲಿ 1905ರಲ್ಲಿ ಸ್ಥಾಪಿತವಾದ ಮೋಟಾರು ಇಂಜಿನಿಯರುಗಳ ಸಂಘವು 1911ರಲ್ಲಿ ಎಣ್ಣೆಗಳ ವರ್ಗೀಕರಣವನ್ನು ಮೊದಲ ಬಾರಿಗೆ ಪ್ರಕಟಿಸಿತು. ಆ ಸಂಘದ ಹೆಸರಿನ ಮೊದಲಕ್ಷರಗಳೇ ಡಬ್ಬಿಯ ಮೇಲೆ ಕಾಣುವ ಎಸ್.ಎ.ಇ. ಎಂಬ ಮೂರು ಅಕ್ಷರಗಳು. ಆ ವರ್ಗೀಕರಣವು ಅನೇಕ ಬಾರಿ ತಿದ್ದುಪಡಿಯಾಗಿ ಇಂದಿಗೂ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ.

ಬರಿಯ ಅಂಕಿ, ಅಥವಾ ಎರಡು ಅಂಕಿಗಳಿದ್ದರೆ ಅವುಗಳಲ್ಲಿ ಎರಡನೆಯದು, 100 ಡಿಗ್ರಿಯಲ್ಲಿ ಎಣ್ಣೆಯ ಸ್ನಿಗ್ಧತೆ ಯಾವ ಮೇರೆಯೊಳಗೆ ಇರತಕ್ಕದ್ದೆಂಬುದನ್ನು ಸೂಚಿಸುತ್ತದೆ. ಅವು ಯಾವುವೆಂದರೆ:

20ನೆಯ ದರ್ಜೆ: 6.9ರಿಂದ 9.3 ಸೆಂಟಿಸ್ಟೋಕಿನ ಒಳಗೆ.
30ನೆಯ ದರ್ಜೆ: 9.3ರಿಂದ 12.5ರ ಒಳಗೆ.
40ನೆಯ ದರ್ಜೆ: 12.5ರಿಂದ 16.3ರ ಒಳಗೆ.
50ನೆಯ ದರ್ಜೆ: 16.3ರಿಂದ 21.9ರ ಒಳಗೆ.

ಡಬ್ಲ್ಯು ಎಂಬ ಅಕ್ಷರವು ಇಂಗ್ಲಿಷಿನಲ್ಲಿ ಚಳಿಗಾಲವನ್ನು ಸೂಚಿಸುವ ಪದದ ಮೊದಲಕ್ಷರ. ಅದರೊಡನೆ ಬರುವ ಮೊದಲನೆಯ ಅಂಕಿಯು, ಕೊರೆಯುವ ಚಳಿಯಲ್ಲಿ ಇಂಜಿನ್ನನ್ನು ತಿರುಗಿಸಿ ಚಾಲೂ ಮಾಡುವಷ್ಟು ಎಣ್ಣೆಯು ಹಗುರವಾಗಿದೆಯೇ ಎಂಬುದರ ಗುರುತು. ಈ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಸರಾಗ. 10 ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೂ, 15 ಡಬ್ಲ್ಯು ಎಣ್ಣೆಯನ್ನು 20 ಡಿಗ್ರಿ ಕೆಳಗೂ, 20 ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೂ ಪರೀಕ್ಷಿಸುತ್ತಾರೆ. ಅಂತಹ ಚಳಿಯು ಲಡಾಖಿನಂತಹ ಹಿಮದ ನಾಡಿನಲ್ಲಿ ಉಂಟು. ಕರ್ನಾಟಕದಲ್ಲಾದರೋ ಬೀದರಿನ ಮಾಗಿಯ ಮುಂಜಾವದಲ್ಲಿಯೂ ಅದರ ಸಮೀಪಕ್ಕೆ ಚಳಿ ಬರುವುದಿಲ್ಲ. ಆದುದರಿಂದ ಚಾಲೂ ಮಾಡುವ ದೃಷ್ಟಿಯಿಂದ ಈ ನಾಡಿಗೆ 15 ಡಬ್ಲ್ಯು ಅಥವಾ 20 ಡಬ್ಲ್ಯು ಸಾಕಾಗುತ್ತದೆ. ಯಂತ್ರದ ಕೈಪಿಡಿಯು ಕೇಳದೆ ಇರುವಲ್ಲಿ, ಚಳಿಯ ಅಂಕಿ ಚಿಕ್ಕದೆಂಬ ಕಾರಣಕ್ಕಾಗಿ ಹೆಚ್ಚು ಬೆಲೆ ತೆರಬೇಕಾದುದಿಲ್ಲ.

ಒಂದಂಕಿಯ ಎಣ್ಣೆ, ಎರಡಂಕಿಯ ಎಣ್ಣೆ

ಬರಿಯ 40ನೆಯ ದರ್ಜೆಯ ಎಣ್ಣೆಯೂ 15 ಡಬ್ಲ್ಯು-40 ಎಣ್ಣೆಯೂ 100 ಡಿಗ್ರಿಯಲ್ಲಿ ಒಂದೇ ಮೇರೆಯೊಳಗೆ ಇರುತ್ತವೆ. ವ್ಯತ್ಯಾಸ ಕಂಡುಬರುವುದು ತಣ್ಣಗಿರುವಾಗ. ಎರಡಂಕಿಯ ಎಣ್ಣೆಯಲ್ಲಿ ಮೂಲತಃ ತೆಳುವಾದ ಎಣ್ಣೆಗೆ ಒಂದು ಬಗೆಯ ಉದ್ದನೆಯ ಅಣುಗಳ ಪದಾರ್ಥವನ್ನು ಬೆರೆಸಿರುತ್ತಾರೆ. ಈ ಅಣುಗಳು ತಣ್ಣಗಿರುವಾಗ ನೂಲಿನ ಉಂಡೆಯಂತೆ ಮುದುಡಿಕೊಂಡು ಹರಿವಿಗೆ ಅಡ್ಡಿಯಾಗದೆ, ಕಾದಾಗ ಬಿಚ್ಚಿಕೊಂಡು ಎಣ್ಣೆಯು ಅತಿಯಾಗಿ ತೆಳುವಾಗುವುದನ್ನು ತಡೆಯುತ್ತವೆ. ಇದರಿಂದ ಬೆಳಗ್ಗೆ ಚಾಲೂ ಮಾಡಿದೊಡನೆ ಎಣ್ಣೆಯು ಬೇರಿಂಗುಗಳಿಗೆ ಬೇಗ ತಲಪುತ್ತದೆ. ನಡುಹಗಲಿನ ಉಳುಮೆಯಲ್ಲಿಯೂ ತಕ್ಕ ಪೊರೆ ಉಳಿಯುತ್ತದೆ.

ಈ ಅಣುಗಳು ಬಹುಕಾಲ ಅರೆದಾಟಕ್ಕೆ ಸಿಕ್ಕಿ ತುಂಡಾಗುವುದುಂಟು. ಹಾಗಾದಾಗ ಎಣ್ಣೆಯು ತನ್ನ ದರ್ಜೆಗಿಂತ ತೆಳುವಾಗುತ್ತದೆ. ಡಬ್ಬಿಯ ಮೇಲಿನ ಅಂಕಿಯು ಹೊಸ ಎಣ್ಣೆಗೆ ಮಾತ್ರ ಸಲ್ಲತಕ್ಕದ್ದು. ಅವಧಿ ಮೀರಿದ ಎಣ್ಣೆಗೆ ಅದು ಸಲ್ಲದು.

ಕೊಳವೆಬಾವಿಯ ವಿದ್ಯುತ್ ಪಂಪುಗಳಿಗೆ ಈ ವಿಷಯ ಸೇರುವುದಿಲ್ಲ. ನದಿ ನಾಲೆಗಳಿಂದ ನೀರೆತ್ತುವ ಡೀಸೆಲ್ ಪಂಪುಗಳಲ್ಲಿ ನಿಮಿಷಕ್ಕೆ 600 ಅಥವಾ 650 ಸುತ್ತು ತಿರುಗುವ ಹಳೆಯ ಮಾದರಿಯ ನಿಧಾನದ ಇಂಜಿನ್ನುಗಳು ಇನ್ನೂ ಕೆಲವೆಡೆ ಉಂಟು. ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯು 1929ರಲ್ಲಿ ಹೊರತಂದ ಮಾದರಿಯೇ ಇವುಗಳಿಗೆ ಮೂಲ. ಇಂತಹ ಇಂಜಿನ್ನುಗಳಿಗೆ ಸಾಮಾನ್ಯವಾಗಿ 30 ಅಥವಾ 40ನೆಯ ದರ್ಜೆಯ ಒಂದಂಕಿಯ ಎಣ್ಣೆಯನ್ನು ಹೇಳಿರುತ್ತಾರೆ. ಈಗಿನ ಟ್ರಾಕ್ಟರುಗಳಿಗೆ 15 ಡಬ್ಲ್ಯು-40 ಅಥವಾ 20 ಡಬ್ಲ್ಯು-40 ಸಾಮಾನ್ಯ. ಒಂದೇ ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಎಣ್ಣೆಯ ಡಬ್ಬಿಗಳೂ ಎರಡಿರತಕ್ಕದ್ದು.

ಗಟ್ಟಿ ಎಣ್ಣೆಯಿಂದ ಆಗುವ ಹಾನಿ

ಎಣ್ಣೆ ಅತಿ ತೆಳುವಾದರೆ ಪೊರೆ ಹರಿದು ಲೋಹವು ಲೋಹಕ್ಕೆ ತಗುಲುತ್ತದೆ, ಒತ್ತಡ ಕುಸಿಯುತ್ತದೆ, ಎಣ್ಣೆ ಹೆಚ್ಚು ಉರಿದುಹೋಗುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಗಟ್ಟಿಯಾದ ಎಣ್ಣೆಯೂ ಅಷ್ಟೇ ಹಾನಿಯನ್ನು ಮಾಡಬಲ್ಲದೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಹೇಗೆಂದರೆ, ಚಾಲೂ ಮಾಡಿದ ಮೇಲೆ ಅದು ಮೇಲಿನ ಭಾಗಗಳಿಗೆ ಏರುವುದಕ್ಕೆ ತಡವಾಗುತ್ತದೆ. ಆ ಹೊತ್ತಿನಲ್ಲಿ ಅವು ಒಣಗಿದಂತೆಯೇ ಉಜ್ಜಾಡುತ್ತವೆ. ಗಟ್ಟಿ ಎಣ್ಣೆಯು ಶೋಧಕದ ಮೂಲಕ ಸರಾಗವಾಗಿ ಹಾಯಲಾರದೆ ಹೋದಾಗ ಪಕ್ಕದ ಕವಾಟವು ತೆರೆದುಕೊಂಡು, ಸೋಸದ ಎಣ್ಣೆಯು ಕಸದೊಡನೆ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಎಣ್ಣೆಯನ್ನು ಕಲಕುವುದಕ್ಕೇ ಶಕ್ತಿ ವ್ಯಯವಾಗಿ ಡೀಸೆಲ್ ಹೆಚ್ಚು ಖರ್ಚಾಗುತ್ತದೆ. ಬೇರಿಂಗಿನ ಉಷ್ಣವನ್ನು ಹೊತ್ತೊಯ್ಯುವುದೂ ಎಣ್ಣೆಯ ಕೆಲಸವೇ ಆದುದರಿಂದ, ಹರಿವು ಕಡಿಮೆಯಾದರೆ ಬೇರಿಂಗು ಕಾಯುತ್ತದೆ.

ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿಯನ್ನು ಮೀರುತ್ತದೆ, ಆದಕಾರಣ ಅಲ್ಲಿ 50ನೆಯ ದರ್ಜೆಯೇ ಬೇಕು ಎಂಬ ವಾದವುಂಟು. ಇಂಜಿನ್ನಿನ ಒಳಗಿನ ಎಣ್ಣೆಯ ಉಷ್ಣತೆಯನ್ನು ಮುಖ್ಯವಾಗಿ ನಿರ್ಧರಿಸುವುದು ಹೊರಗಿನ ಬಿಸಿಲಲ್ಲ. ಇಂಜಿನ್ನಿನ ಹೊರೆ, ರೇಡಿಯೇಟರಿನ ನೀರು, ಫ್ಯಾನಿನ ಬೆಲ್ಟು ಇವೇ. ರೇಡಿಯೇಟರಿನ ಜಾಲರಿಗೆ ಹೊಟ್ಟು ಧೂಳು ಅಡರಿದ್ದರೆ 50ನೆಯ ದರ್ಜೆಯ ಎಣ್ಣೆಯೂ ಕಾಪಾಡಲಾರದು. ಕೈಪಿಡಿಯಲ್ಲಿ ಗಾಳಿಯ ಉಷ್ಣತೆಗೆ ತಕ್ಕಂತೆ ಬೇರೆ ದರ್ಜೆಯನ್ನು ಹೇಳಿದ್ದರೆ ಅದನ್ನು ಅನುಸರಿಸತಕ್ಕದ್ದು, ಹೇಳದಿದ್ದರೆ ಬದಲಾಯಿಸತಕ್ಕದ್ದಲ್ಲ.

ಹಳೆಯದಾಗಿ ನೀಲಿ ಹೊಗೆ ಉಗುಳುವ ಇಂಜಿನ್ನಿಗೆ ಗಟ್ಟಿ ಎಣ್ಣೆ ಹಾಕಿ ಹೊಗೆಯನ್ನು ಅಡಗಿಸುವ ರೂಢಿಯೂ ಉಂಟು. ಹೊಗೆಯು ಕೆಲವು ದಿನ ತಗ್ಗಬಹುದು. ಆದರೆ ಸವೆದ ರಿಂಗು ಲೈನರುಗಳು ಎಣ್ಣೆಯಿಂದ ಬೆಳೆಯುವುದಿಲ್ಲ. ಕೊಳೆತ ತೊಲೆಗೆ ಸುಣ್ಣ ಬಳಿದಂತೆ ರೋಗವನ್ನು ಮರೆಮಾಡುವುದಷ್ಟೇ ಅದರ ಫಲ.

ಅಂಕಿ ಬೇರೆ, ಗುಣದ ದರ್ಜೆ ಬೇರೆ

ಎಣ್ಣೆಯ ಗುಣವನ್ನು ತಿಳಿಯಲು ಡಬ್ಬಿಯ ಮೇಲೆ ಬೇರೊಂದು ಗುರುತು ಇರುತ್ತದೆ. ಅದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎ.ಪಿ.ಐ. ಗುರುತು. ಅದರಲ್ಲಿ ಸಿ ಅಕ್ಷರದಿಂದ ಮೊದಲಾಗುವುದು ಡೀಸೆಲ್ ಇಂಜಿನ್ನಿಗೆ, ಎಸ್ ಅಕ್ಷರದಿಂದ ಮೊದಲಾಗುವುದು ಪೆಟ್ರೋಲ್ ಇಂಜಿನ್ನಿಗೆ. ಡೀಸೆಲ್ ಎಣ್ಣೆಗಳಲ್ಲಿ 1998ರಲ್ಲಿ ಸಿಎಚ್-4, 2002ರಲ್ಲಿ ಸಿಐ-4, 2016ರಲ್ಲಿ ಸಿಕೆ-4 ಎಂಬ ದರ್ಜೆಗಳು ಬಂದವು. ಎರಡು ಡಬ್ಬಿಗಳ ಮೇಲೆಯೂ 15 ಡಬ್ಲ್ಯು-40 ಎಂದೇ ಇದ್ದು, ಒಂದು ಹಳೆಯ ದರ್ಜೆಯದೂ ಮತ್ತೊಂದು ಹೊಸ ದರ್ಜೆಯದೂ ಆಗಿರಬಹುದು. ಬೆಲೆಯ ವ್ಯತ್ಯಾಸಕ್ಕೆ ಇದೂ ಒಂದು ಕಾರಣ.

50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಬಗೆಗೆ ಹೆಚ್ಚು ಕಟ್ಟುನಿಟ್ಟಾದ ನಿಯಮಗಳು ಜಾರಿಗೆ ಬಂದಿವೆ. ಮಸಿಯನ್ನು ಸೋಸುವ ಉಪಕರಣವುಳ್ಳ ಯಂತ್ರಗಳಿಗೆ ಬೂದಿಯ ಅಂಶ ಕಡಿಮೆಯಿರುವ ಎಣ್ಣೆಯೇ ಆಗಬೇಕು. ಇಲ್ಲವಾದರೆ ಬೆಲೆಬಾಳುವ ಆ ಉಪಕರಣವು ಕಟ್ಟಿಕೊಳ್ಳುತ್ತದೆ. ಆದುದರಿಂದ ಎಣ್ಣೆಯನ್ನು ಕೊಳ್ಳುವಾಗ ಅಂಕಿ, ಅಕ್ಷರ ಎರಡನ್ನೂ ಕೈಪಿಡಿಯೊಡನೆ ಹೋಲಿಸಿ ನೋಡತಕ್ಕದ್ದು.

ಬೇರೆ ಎಣ್ಣೆಗಳ ಅಂಕಿಗಳು

ಗೇರ್ ಎಣ್ಣೆಯ ಮೇಲೆ 90 ಎಂದಿರುವುದನ್ನು ಕಂಡು, ಅದು 40ರ ಎರಡರಷ್ಟಕ್ಕಿಂತಲೂ ಗಟ್ಟಿಯೆಂದು ಭಾವಿಸುವವರುಂಟು. ಅದು ಸರಿಯಲ್ಲ. ಗೇರ್ ಎಣ್ಣೆಯ ಅಳತೆಗೋಲೇ ಬೇರೆ. ಅದರ 90ನೆಯ ದರ್ಜೆಯು 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕಿನ ಒಳಗೆ ಇರುತ್ತದೆ. ಎಂದರೆ ಇಂಜಿನ್ ಎಣ್ಣೆಯ 40 ಮತ್ತು 50ನೆಯ ದರ್ಜೆಗಳ ನಡುವೆ. ಹೈಡ್ರಾಲಿಕ್ ಎಣ್ಣೆಯ 68 ಎಂಬ ಅಂಕಿಯಂತೂ 40 ಡಿಗ್ರಿಯಲ್ಲಿ ಅಳೆದ ಸೆಂಟಿಸ್ಟೋಕ್. ಅದೇ 40 ಡಿಗ್ರಿಯಲ್ಲಿ ಸುಮಾರು 110 ಇರುವ ಟ್ರಾಕ್ಟರಿನ ಎಣ್ಣೆಗಿಂತ ಅದು ತೆಳು. ಸೇರು ಕೊಳಗಗಳ ಅಂಕಿಯನ್ನು ಒಂದಕ್ಕೊಂದು ಹೋಲಿಸಲಾಗದಂತೆ ಈ ಅಂಕಿಗಳನ್ನೂ ಹೋಲಿಸಲಾಗದು.

ಈ ಎಣ್ಣೆಗಳಲ್ಲಿ ಬೆರೆಸಿರುವ ಪದಾರ್ಥಗಳೂ ಬೇರೆ ಬೇರೆ. ಇಂಜಿನ್ ಎಣ್ಣೆಯು ಮಸಿಯನ್ನು ತೊಳೆದು ತನ್ನಲ್ಲಿ ಇರಿಸಿಕೊಳ್ಳಬೇಕು. ಗೇರ್ ಎಣ್ಣೆಯು ಹಲ್ಲುಗಳ ಒತ್ತಡವನ್ನು ತಡೆಯಬೇಕು. ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಟ್ರಾಕ್ಟರುಗಳಿಗೆ ಗೇರು, ಹೈಡ್ರಾಲಿಕ್, ಬ್ರೇಕು ಮೂರಕ್ಕೂ ಸಲ್ಲುವ ವಿಶೇಷ ಎಣ್ಣೆಯುಂಟು. ಒಂದರ ಬದಲು ಇನ್ನೊಂದನ್ನು ಸುರಿಯತಕ್ಕದ್ದಲ್ಲ. ಔಷಧ ಸಿಂಪಡಿಸುವ ಮತ್ತು ಕಳೆ ಕೊಚ್ಚುವ ಎರಡು ಸ್ಟ್ರೋಕಿನ ಸಣ್ಣ ಯಂತ್ರಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಕೈಪಿಡಿಯು 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದರೆ ಲೀಟರಿಗೆ 40 ಮಿಲಿಲೀಟರು. ಅದಕ್ಕೂ ಅದರದೇ ಆದ ಎಣ್ಣೆ ಬೇಕು.

ಬಳಕೆಯಲ್ಲಿ ಎಣ್ಣೆಯು ಕೆಡುವ ರೀತಿ

ಸರಿಯಾದ ಎಣ್ಣೆಯನ್ನೇ ಹಾಕಿದರೂ ಅದರ ಸ್ನಿಗ್ಧತೆ ಒಂದೇ ಸಮನಾಗಿ ಇರುವುದಿಲ್ಲ. ಇಂಜೆಕ್ಟರಿನಿಂದ ಅಥವಾ ಪಂಪಿನಿಂದ ಡೀಸೆಲ್ ಸೋರಿ ಬೆರೆತರೆ ಎಣ್ಣೆ ತೆಳುವಾಗುತ್ತದೆ. ಅಳತೆಯ ಕಡ್ಡಿಯಲ್ಲಿ ಮಟ್ಟವು ತಾನಾಗಿ ಏರಿರುವುದೂ ಡೀಸೆಲಿನ ವಾಸನೆಯೂ ಇದರ ಲಕ್ಷಣ. ಎಣ್ಣೆ ಕಡಿಮೆಯಾಗಿಲ್ಲವೆಂದು ಸಂತೋಷಪಡುವ ಬದಲು ಕೂಡಲೇ ಮೆಕ್ಯಾನಿಕ್ಕನಿಗೆ ತೋರಿಸತಕ್ಕದ್ದು. ನೀರು ಸೇರಿದರೆ ಎಣ್ಣೆಯು ಹಾಲಿನಂತೆ ಬೆಳ್ಳಗಾಗುತ್ತದೆ. ಆಗ ಇಂಜಿನ್ನನ್ನು ಓಡಿಸಲೇಬಾರದು. ಮಸಿ ತುಂಬಿ, ಗಾಳಿಯೊಡನೆ ಬೆರೆತು ಬಹುಕಾಲ ಕಾದ ಎಣ್ಣೆ ಗಟ್ಟಿಯಾಗುತ್ತ ಬರುತ್ತದೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ. ಅದು ಮಸಿಯನ್ನು ತೊಳೆಯುತ್ತಿದೆಯೆಂಬುದಕ್ಕೆ ಗುರುತು.

ಆದುದರಿಂದ ಬಣ್ಣವನ್ನು ನೋಡಿ ಬದಲಿಸುವುದಕ್ಕಿಂತ ಗಂಟೆಗಳ ಲೆಕ್ಕವನ್ನಿಡುವುದು ಯುಕ್ತ. ಅನೇಕ ಟ್ರಾಕ್ಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆಯನ್ನೂ ಶೋಧಕವನ್ನೂ ಬದಲಿಸಬೇಕೆಂದು ಹೇಳಿರುತ್ತಾರೆ. ಪಂಪಿಗೆ ಗಂಟೆ ತೋರಿಸುವ ಮೀಟರು ಇರುವುದಿಲ್ಲವಾದ ಕಾರಣ ಅದರ ಲೆಕ್ಕ ತಪ್ಪುತ್ತದೆ. ದಿನಕ್ಕೆ 8 ಗಂಟೆ ಓಡುವ ಪಂಪು 31 ದಿನಗಳಲ್ಲಿಯೇ 250 ಗಂಟೆಗಳನ್ನು ಮುಟ್ಟುತ್ತದೆ. ವರ್ಷಕ್ಕೊಮ್ಮೆ ಯುಗಾದಿಗೆ ಎಣ್ಣೆ ಬದಲಿಸುವ ರೂಢಿಯು ಎಷ್ಟು ಸಾಲದೆಂಬುದನ್ನು ಈ ಲೆಕ್ಕವೇ ತೋರಿಸುತ್ತದೆ.

ತೆಗೆದ ಎಣ್ಣೆಯ ವಿನಿಯೋಗ

ಇಂಜಿನ್ನಿನಿಂದ ಇಳಿಸಿದ ಎಣ್ಣೆಯನ್ನು ದನಗಳ ಹುಣ್ಣು ಕಜ್ಜಿಗೆ ಹಚ್ಚುವುದೂ ಬದುವಿಗೆ ಸುರಿಯುವುದೂ ಹಾನಿಕರ. ಅದರಲ್ಲಿರುವ ಮಸಿಯೂ ಲೋಹಗಳೂ ಚರ್ಮಕ್ಕೆ ಕೇಡು. ದನವು ಮೈ ನೆಕ್ಕಿದರೆ ಹೊಟ್ಟೆಗೂ ಸೇರುತ್ತದೆ. ಬಾವಿಗೆ ಅಥವಾ ನಾಲೆಗೆ ಸೇರಿದರೆ ನೀರು ಕೆಡುತ್ತದೆ. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಿಗೆ ಒಳಪಟ್ಟಿದ್ದು, ಅದನ್ನು ಮುಚ್ಚಿದ ಡಬ್ಬದಲ್ಲಿ ಕೂಡಿಟ್ಟು ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡತಕ್ಕದ್ದು. ಖಾಲಿ ಡಬ್ಬಿಗಳ ಮುಚ್ಚಳವನ್ನೂ ಚೀಟಿಯನ್ನೂ ಕೆಡಿಸಿ ಹಾಕುವುದು ಒಳ್ಳೆಯದು. ಇಲ್ಲವಾದರೆ ಸೋಸಿದ ಹಳೆಯ ಎಣ್ಣೆಯು ಅದೇ ಡಬ್ಬಿಯಲ್ಲಿ ಮತ್ತೆ ಮಾರಾಟಕ್ಕೆ ಬರುವುದುಂಟು.

ಯಜಮಾನರು ನೆನಪಿನಲ್ಲಿಡತಕ್ಕ ಅಂಶಗಳು

1. ಯಂತ್ರದ ಕೈಪಿಡಿಯಲ್ಲಿ ಹೇಳಿದ ಅಂಕಿಯನ್ನೂ ಅಕ್ಷರವನ್ನೂ ಯಂತ್ರದ ಮೇಲೆಯೇ ಬಣ್ಣದಿಂದ ಬರೆಯಿಸುವುದು. ಬಾಡಿಗೆ ಚಾಲಕನು ಬದಲಾದರೂ ಎಣ್ಣೆ ಬದಲಾಗುವುದಿಲ್ಲ.

2. ಮುದ್ರೆ ಒಡೆಯದ ಡಬ್ಬಿಯನ್ನು ರಸೀತಿಯೊಡನೆ ಕೊಳ್ಳುವುದು. ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕೊಳ್ಳದಿರುವುದು.

3. ಪ್ರತಿದಿನ ಚಾಲೂ ಮಾಡುವುದಕ್ಕೆ ಮೊದಲು ಸಮತಟ್ಟಾದ ನೆಲದಲ್ಲಿ ಅಳತೆಯ ಕಡ್ಡಿಯನ್ನು ಒರೆಸಿ, ಅದ್ದಿ ನೋಡುವುದು.

4. ಚಾಲೂ ಮಾಡಿದೊಡನೆ ಹೊರೆ ಹಾಕದೆ ಒಂದೆರಡು ನಿಮಿಷ ನಿಧಾನವಾಗಿ ಓಡಿಸುವುದು. ಒತ್ತಡದ ದೀಪವು ಆರದಿದ್ದರೆ ತತ್‌ಕ್ಷಣ ನಿಲ್ಲಿಸುವುದು.

5. ಎಣ್ಣೆ ತೀರ ಕಡಿಮೆಯಾಗಿ, ಅದೇ ದರ್ಜೆಯದು ಸಿಕ್ಕದಿದ್ದರೆ, ಡೀಸೆಲ್ ಇಂಜಿನ್ನಿನದೇ ಆದ ಸಮೀಪದ ದರ್ಜೆಯ ಎಣ್ಣೆಯನ್ನು ಸೇರಿಸಬಹುದು. ಎಣ್ಣೆಯಿಲ್ಲದೆ ಓಡಿಸುವುದಕ್ಕಿಂತ ಅದು ಮೇಲು. ಬಿಡುವಾದೊಡನೆ ಎಲ್ಲವನ್ನೂ ಇಳಿಸಿ ಸರಿಯಾದುದನ್ನು ತುಂಬುವುದು.

6. ಎಣ್ಣೆ ಬದಲಿಸಿದ ತಾರೀಖು, ಗಂಟೆ, ದರ್ಜೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು.

ಗ್ರಾಮದ ಮುಖಂಡರು ಈ ವಿಷಯದಲ್ಲಿ ಮೇಲ್ಪಂಕ್ತಿಯನ್ನು ಹಾಕಿಕೊಟ್ಟರೆ ಉಳಿದವರು ಅನುಸರಿಸುವುದು ಸಹಜ. ಸಹಕಾರ ಸಂಘದ ಅಥವಾ ಬಾಡಿಗೆ ಯಂತ್ರ ಕೇಂದ್ರದ ಟ್ರಾಕ್ಟರು ಹತ್ತಾರು ಮನೆಗಳ ಹೊಲವನ್ನು ಉಳುವಂತಹುದು. ಅದು ಕಾರ್ತೆ ನಕ್ಷತ್ರದ ಹದದಲ್ಲಿ ನಿಂತರೆ, ಸ್ವಂತ ಯಂತ್ರವಿಲ್ಲದ ಸಣ್ಣ ಹಿಡುವಳಿಯ ರೈತನೇ ಮೊದಲು ನಷ್ಟಕ್ಕೆ ಗುರಿಯಾಗುತ್ತಾನೆ; ಏಕೆಂದರೆ ಅವನ ಸರದಿ ಕೊನೆಯದು. ಅಂತಹ ಯಂತ್ರದ ಎಣ್ಣೆಯ ಲೆಕ್ಕದ ಪುಸ್ತಕವನ್ನು ತಿಂಗಳಿಗೊಮ್ಮೆ ತರಿಸಿ ನೋಡುವುದು ಮುಖಂಡರಿಗೆ ದೊಡ್ಡ ಶ್ರಮವಲ್ಲ. ಕೈಪಿಡಿ ಕಳೆದುಹೋಗಿದ್ದರೆ ಯಂತ್ರದ ಮಾದರಿಯ ಹೆಸರನ್ನು ಬರೆದುಕೊಂಡು ಅದರ ಮಾರಾಟಗಾರರಲ್ಲಿ ವಿಚಾರಿಸಿ, ತಕ್ಕ ದರ್ಜೆಯನ್ನು ಮುಂಗಾರಿನ ಕೆಲಸಕ್ಕೆ ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.